ವಾಡೆ ಬಾಗಿಲ ಫಕೀರವ್ವ

ಭಾಳ ಹಿಂದಿನ ಮಾತು. ಎಷ್ಟು ಹಿಂದಂದರೆ, ನಮ್ಮಜ್ಜಿಯ ಅಜ್ಜಿಗೂ ಇದು ಕೇಳಿದ ಮಾತೇ ಹೊರತು ಕಂಡ ಮಾತಲ್ಲ. ಹೊಳೆದಂಡೆಗೆ ಒಂದು ಊರಿತ್ತು. ಊರ ನಡುವೆ ದೇಸಾಯರ ಕಲ್ಲಿನ ವಾಡೆ. ಆ ವಾಡೆಗೆ ಆನೆ ಹೋಗುವಷ್ಟು ದೊಡ್ಡ ಬಾಗಿಲು. ಆ ಬಾಗಿಲಲ್ಲೇ ಒಬ್ಬರು ಬಗ್ಗಿ ನುಸುಳುವಷ್ಟು ಸಣ್ಣದೊಂದು ದಿಡ್ಡಿ ಬಾಗಿಲು. ಅದನ್ನು ತೆಗೆಯೋದು, ಹಾಕೋದು ಫಕೀರವ್ವನ ಕೆಲಸ. ಗಂಡ ತೀರಿಕೊಂಡ ಮೇಲೆ ಅವನ ಜಾಗಕ್ಕೆ ಬಂದವಳು. ಐದು ವರ್ಷದ ಮಗ ಒಬ್ಬ, ಯಮನೂರ ಅಂತ.

ಆ ಸಲ ಸೀಮೆಗೆಲ್ಲ ಕೆಂಪು ಬ್ಯಾನಿ ಬಂತಂತೆ. ಮೊದಲ ದಿನ ಕಣ್ಣು ಕೆಂಪಾಗೋದು, ಮರುದಿನ ಮೈ ಸುಡೋದು, ಮೂರನೇ ದಿನಕ್ಕೆ ಮನುಷ್ಯನೇ ಇಲ್ಲ. ದೊಡ್ಡವರಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಉಳಿದರಂತೆ. ಸಣ್ಣ ಮಕ್ಕಳು ಒಂದೂ ಉಳಿಯಲಿಲ್ಲವಂತೆ. ಹೊಳೆಯಾಚೆಯ ಊರಲ್ಲಿ ತೊಟ್ಟಿಲು ತೂಗುವ ಸದ್ದೇ ನಿಂತುಹೋಯಿತು ಅಂತಾರೆ.

ಬ್ಯಾನಿ ಹೊಳೆ ದಾಟುವ ಮುಂಚೆ ಊರ ಹಿರಿಯರು ಕೂಡಿ ಒಂದು ಮಾತು ಮಾಡಿದರು: ಮೊಲೆ ಬಿಟ್ಟ ಮಕ್ಕಳನ್ನೆಲ್ಲ ವಾಡೆಯೊಳಗೆ ಇಡೋದು. ದೇಸಾಯರೂ ಹೂಂ ಅಂದು ವಾಡೆ ಬಿಟ್ಟುಕೊಟ್ಟರು. ಒಳಗೇ ಬಾವಿ ಇತ್ತು, ಕಣಜದಲ್ಲಿ ಜೋಳ ಇತ್ತು. ರೊಟ್ಟಿ ಬಡಿಯಲಿಕ್ಕೆ, ಮಕ್ಕಳನ್ನು ನೋಡಿಕೊಳ್ಳಲಿಕ್ಕೆ ನೇಕಾರರ ಪಾರವ್ವನನ್ನು ಒಳಗೆ ಬಿಟ್ಟರು. ಬಾಗಿಲಿಗೆ ಫಕೀರವ್ವ. ಮೂವತ್ತೆರಡು ಮಕ್ಕಳು ಒಳಗೆ ಹೋದರು, ಅವರಲ್ಲಿ ಯಮನೂರನೂ ಒಬ್ಬ. ಬ್ಯಾನಿ ಊರು ಬಿಡೋವರೆಗೆ ಯಾರನ್ನೂ ಒಳಗೆ ಬಿಡಬಾರದು ಅಂದರು. ಬಿಡೋದಿಲ್ಲ ಅಂದಳು.

ತಾಯಂದಿರು ದಿನಾ ಬರುತ್ತಿದ್ದರಂತೆ. ಒಬ್ಬಾಕೆ ಸೆರಗಿನಲ್ಲಿ ಶೇಂಗಾ ಉಂಡಿ ಕಟ್ಟಿಕೊಂಡು ಬಂದಳು, ಇದೊಂದನ್ನು ಮಗಳ ಕೈಗೆ ಕೊಡು ಅಂತ ಕಾಲು ಹಿಡಿಯಲಿಕ್ಕೆ ಬಂದಳು. ಫಕೀರವ್ವ ಹಿಂದೆ ಸರಿದು ನಿಂತಳು, ಉಂಡಿ ಮುಟ್ಟಲಿಲ್ಲ. ಕಣ್ಣಿಗೆ ಧೂಳು ಬಿದ್ದು ಕೆಂಪಾಗಿದೆ ಅಂದವರನ್ನು ಅಷ್ಟು ದೂರದಿಂದಲೇ ಕಳಿಸಿದಳು. ಕಲ್ಲೆದೆಯವಳು ಅಂತ ಬೈದರು. ಬೈಸಿಕೊಂಡಳು.

ಒಂದು ದಿನ ದೇಸಾಯರ ತಮ್ಮ ಪರ ಊರಿಂದ ಕುದುರೆ ಹತ್ತಿ ಬಂದ.

"ನನ್ನ ಮನಿಗೆ ನನ್ನನ್ನ ಬಿಡದಾಕಿ ನೀ ಯಾರ?"

"ಬಾಗಿಲ ಕಾಯಾಕಿರೀ ಧಣಿ. ನಿಮ್ಮ ಕಣ್ಣ ಕೆಂಪದಾವು."

ಅವನು ಇಳಿದು ಬಂದು ಅವಳ ರಟ್ಟೆ ಹಿಡಿದು ಎಳೆದ. ಚಾಟಿಯಿಂದ ಹೊಡೆದ. ಅವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತವಳು ಅಲುಗಲಿಲ್ಲ. ಅವನು ಬೈಯುತ್ತಾ ತಿರುಗಿಹೋದ. ಎರಡು ದಿನಕ್ಕೆ ಅವನು ಸತ್ತ ಸುದ್ದಿ ಬಂತು. ಆಮೇಲೆ ಊರವರು ಫಕೀರವ್ವನಿಗೆ ಬ್ಯಾನಿಯ ವಾಸನೆ ಗೊತ್ತಾಗುತ್ತದೆ ಅಂದರು. ಗಾಳಿಯೂ ಅವಳನ್ನು ಕೇಳಿಯೇ ಒಳಗೆ ಹೋಗುತ್ತದೆ ಅಂದರು. ಯಾರೂ ಬೈಯಲಿಲ್ಲ.

ಆದರೆ ಅವಳಿಗೆ ಅಂಜಿಕೆ ಹೊಕ್ಕಿತ್ತು. ಅವನು ಹಿಡಿದಿದ್ದ ರಟ್ಟೆಯನ್ನು ದಿನಕ್ಕೆ ಹತ್ತು ಸಲ ಬೂದಿ ಹಚ್ಚಿ ತೊಳೆಯುತ್ತಿದ್ದಳಂತೆ. ಮಗ ಓಡಿ ಬಂದರೆ, ಅಲ್ಲೇ ನಿಲ್ಲು ಅನ್ನುತ್ತಿದ್ದಳಂತೆ. ಒಂದು ಬೆಳಗ್ಗೆ ಮುಖ ತೊಳೆಯಲಿಕ್ಕೆ ನೀರಿನ ಕೊಡದ ಮೇಲೆ ಬಗ್ಗಿದಳು. ನೀರಿನೊಳಗೆ ತನ್ನ ಕಣ್ಣು ಕೆಂಪಗೆ ಕಂಡಿತು. ನಿದ್ದೆ ಕೆಟ್ಟಿರಬೇಕು ಅಂದುಕೊಂಡಳು. ನೀರು ನಿಲ್ಲುವವರೆಗೆ ಕಾದು ಮತ್ತೆ ನೋಡಿದಳು.

ದೂರದಿಂದಲೇ ಪಾರವ್ವನನ್ನು ಕೂಗಿದಳು.

"ಪಾರೀ, ನಾ ಹೊರಗ ಹೊಂಟೆ. ಒಳಗಿಂದ ಅಗಳಿ ಹಾಕ್ಕೊ. ಯಾರ ಬಂದ್ರೂ ತಗೀಬ್ಯಾಡ. ನಾ ಬಂದ್ರೂ ತಗೀಬ್ಯಾಡ."

"ಏನಂತ ಮಾತಾಡ್ತೀಯಕ್ಕಾ?"

"ಅತ್ರೂ ತಗೀಬ್ಯಾಡ. ಹುಡುಗನ ಹೆಸರ ಹಿಡದ ಕರದ್ರೂ ತಗೀಬ್ಯಾಡ."

ಯಮನೂರ ಆಗ ಇನ್ನೂ ಮಲಗಿದ್ದ. ಅವಳು ದಿಡ್ಡಿ ಬಾಗಿಲಿಂದ ಬಗ್ಗಿ ಹೊರಬಿದ್ದು ಹೊರಗಿನ ಕಟ್ಟೆಯ ಮೇಲೆ ಕೂತಳು. ಆ ದಿನ ಪೂರ್ತಿ ಅಲ್ಲಿಂದಲೇ ಬಂದವರನ್ನು ಕೈಬೀಸಿ ಹಿಂದೆ ಕಳಿಸಿದಳಂತೆ.

ಮರುದಿನ ನಡುಮಧ್ಯಾಹ್ನಕ್ಕೆ ಜ್ವರ ತಲೆಗೇರಿತು. ಬಾಗಿಲು ಬಡಿಯತೊಡಗಿದಳು. ನೀರು ಕೊಡು ಅಂದಳು. ಮಗನನ್ನು ಒಂದೇ ಒಂದು ಸಲ ತೋರಿಸು ಅಂದಳು. ಯಮನೂರ ಅವ್ವಾ ಅಂತ ಅಗಳಿಗೆ ಓಡಿದ. ಪಾರವ್ವ ಅವನನ್ನು ಸೊಂಟಕ್ಕೆ ಅವಚಿಕೊಂಡು ಬಾಗಿಲಿಗೆ ಬೆನ್ನು ಹಚ್ಚಿ ಕೂತಳು. ಹೊರಗೆ ಬಡಿದಾಗಲೆಲ್ಲ ಅವಳ ಬೆನ್ನೆಲುಬು ನಡುಗುತ್ತಿತ್ತಂತೆ. ಮೂವತ್ತೆರಡು ಮಕ್ಕಳೂ ಅಳುತ್ತಿದ್ದವು.

"ಪಾರೀ, ಕಣ್ಣ ಬೆಳ್ಳಗಾದೂವ. ಬೇಕಾದ್ರ ನೋಡ. ತಗಿಯವ್ವಾ."

ಪಾರವ್ವನ ಕೈ ಅಗಳಿಯ ಮೇಲೆ ಹೋಯಿತು. ಅರ್ಧ ಸರಿಸಿದ್ದಳು ಅಂತಲೂ ಹೇಳುತ್ತಾರೆ. ಆಮೇಲೆ ಬಿಕ್ಕುತ್ತಾ ಅಂದಳು: "ಅಕ್ಕಾ, ತಗೀಬ್ಯಾಡ ಅಂತ ನೀನ ಹೇಳೀದಿ."

ಹೊರಗೆ ಬಡಿತ ನಿಂತಿತು. ಕಡೆಗೆ ಮೊದಲಿನ ಫಕೀರವ್ವನ ದನಿ, ಸಣ್ಣಗೆ:

"ಹೌದವ್ವಾ. ಹೇಳೀನಿ. ಹಂಗ ಇರಲಿ."

ಅದೇ ಅವಳ ಕಡೆಯ ಮಾತು. ಒಂದು ಹುಣ್ಣಿಮೆ ಕಳೆದು ಬ್ಯಾನಿ ಊರು ಬಿಟ್ಟ ಮೇಲೆ ದೊಡ್ಡ ಬಾಗಿಲು ತೆಗೆದರು. ಮೂವತ್ತೆರಡೂ ಮಕ್ಕಳು ಹೊರಗೆ ಬಂದವು. ಫಕೀರವ್ವನನ್ನು ಊರವರು ಆಗಲೇ ಹೊಳೆದಂಡೆಗೆ ಮಣ್ಣು ಮಾಡಿದ್ದರು. ಯಮನೂರ ಪಾರವ್ವನ ಹತ್ತಿರವೇ ಬೆಳೆದ. ಬಾಗಿಲು ಯಾಕೆ ತೆಗೆಯಲಿಲ್ಲ ಅಂತ ಅವನು ಒಂದು ದಿನವೂ ಕೇಳಲಿಲ್ಲ, ಅವಳೂ ಹೇಳಲಿಲ್ಲ ಅಂತಾರೆ.

ಆ ಊರಲ್ಲಿ ಈಗಲೂ ಸಣ್ಣ ಕೂಸಿರುವ ಮನೆಗೆ ಯಾರೂ ಸೀದಾ ಹೋಗೋದಿಲ್ಲ. ದಿನಗೆಲಸ ಮುಗಿಸಿ ಬಂದ ಮನೆಯ ಯಜಮಾನನೂ ಹೊಸ್ತಿಲ ಹೊರಗೆ ನಿಂತು, ಬರ್ಲೇನು ಅಂತ ಕೇಳುತ್ತಾನೆ. ಬಾ ಅಂದರೆ ಒಳಗೆ ಹೋಗುತ್ತಾನೆ. ಬ್ಯಾಡ ಅಂದರೆ, ಯಾಕೆ ಅಂತ ಕೇಳದೆ ಕಟ್ಟೆಯ ಮೇಲೆ ಕೂತುಕೊಳ್ಳುತ್ತಾನೆ.