ಹನ್ನೆರಡಾಳು ಗಣಿ

ನಮ್ಮೂರು ಕಡಗಲ್ಲಿನಿಂದ ನಸುಕಿನಲ್ಲಿ ಹೊರಟರೆ ಬಿಸಿಲೇರುವ ಹೊತ್ತಿಗೆ ಕೆಂಪು ಬಂಡೆಗಳ ಕಣಿವೆಯ ಕೊನೆ ಮುಟ್ಟಬಹುದು. ದಾರಿಯುದ್ದಕ್ಕೂ ಬತ್ತಿದ ಹಳ್ಳದ ಮರಳು, ಎರಡೂ ಕಡೆ ಪಾಪಾಸುಕಳ್ಳಿ. ನೆರಳೆಂದರೆ ಬಂಡೆ ಕೊಟ್ಟಷ್ಟೇ. ಕಣಿವೆ ಮುಗಿಯುವಲ್ಲಿ, ಬಾಯಿ ಕುಸಿದು ಮುಚ್ಚಿದ ಒಂದು ಹಾಳು ಚಿನ್ನದ ಗಣಿಯಿದೆ. ಅದನ್ನು ಹನ್ನೆರಡಾಳು ಗಣಿ ಎನ್ನುತ್ತಾರೆ. ಹನ್ನೆರಡು ಆಳು ಆಳವಿದ್ದೀತೆಂದು ಹೊರಗಿನವರು ತಿಳಿಯುತ್ತಾರೆ. ಅದು ಆಳದ ಮಾತಲ್ಲ.

ಹಿಂದೆ ಒಮ್ಮೆ, ದೇಸಾಯಿಗಳ ಕಾಲದಲ್ಲಿ, ಆದೆಪ್ಪನೆಂಬವನೂ ಅವನ ಜೊತೆಯ ಒಂಬತ್ತು ಮಂದಿಯೂ ಅಲ್ಲಿ ಕಲ್ಲು ಒಡೆಯುತ್ತಿದ್ದರಂತೆ. ಗಣಿಯೆಂದರೆ ಭೂತಾಯಿಯ ಒಡಲು. ಕೆರ ಮೆಟ್ಟಿಕೊಂಡು ಯಾರೂ ಒಳಗೆ ಕಾಲಿಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಆದೆಪ್ಪನ ಹೆಂಡತಿ, ತುಂಬು ಬಸುರಿ ಹುಲಿಗೆವ್ವ, ಗಂಡನಿಗೆ ಅಂಬಲಿ ತಂದಳು. ಹೆರಿಗೆಗೆ ಇನ್ನೂ ಹದಿನೈದು ದಿನವಿದೆಯೆಂದು ಸೂಲಗಿತ್ತಿ ಹೇಳಿದ್ದಳು. ಹೊರಗೆ ಉರಿಬಿಸಿಲು, ಒಳಗೆ ತಂಪು. ತುಸು ಕೂತು ಹೋಗೋಣವೆಂದು ಕೂತಳು. ಆಗಲೇ ಗಣಿಯ ಬಾಯಿ ಕುಸಿಯಿತು.

ಊರಿಗೆ ಊರೇ ಓಡಿಬಂತು. ಹೊರಗೆ ಹನ್ನೊಂದು ಜೊತೆ ಕೆರ ಇದ್ದವು. ಬಾಯಿಯ ಕಲ್ಲು ಅಲುಗದಾದಾಗ ಗುಡ್ಡದ ಮೇಲಿನಿಂದ ಅಗೆಯತೊಡಗಿದರು. ಎರಡು ದಿನವಾದರೂ ಒಳಗಿನಿಂದ ಸದ್ದಿಲ್ಲ. ಇನ್ನು ಅಗೆಯುವುದು ಹೆಣಕ್ಕಾಗಿ ಎಂದು ದೇಸಾಯಿಯ ಕಾರಭಾರಿ ಕುದುರೆ ಹತ್ತಿ ಹೋಗಿಬಿಟ್ಟ. ಹುಲಿಗೆವ್ವನ ತಾಯಿ ಅಮರವ್ವ ಮಾತ್ರ ಕಣ್ಣೀರು ಹಾಕದೆ ಸೆರಗಿನಲ್ಲಿ ಮಣ್ಣು ಹೊರುತ್ತಲೇ ಇದ್ದಳು. ಆ ಮುದುಕಿಯ ಮುಂದೆ ಹಾರೆ ಕೆಳಗಿಡಲು ಉಳಿದವರಿಗೆ ಮನಸ್ಸಾಗಲಿಲ್ಲ. ಮೂರನೆಯ ದಿನ ಹಾರೆ ಒಮ್ಮೆಲೆ ಟೊಳ್ಳಿಗೆ ಇಳಿಯಿತು. ಬೊಗಸೆಯಗಲದ ತೂತು ಬಿತ್ತು.

“ಎಷ್ಟು ಮಂದಿ ಅದೀರ್ಯೋ?” ಎಂದು ಮೇಲಿನವರು ಕೂಗಿದರು.

“ಹನ್ನೆರಡು ಮಂದಿ ಅದೀವಿ!” ಆದೆಪ್ಪನ ಸೊರಗಿದ ದನಿ.

ಅಗೆಯುವವರ ಕೈ ನಿಂತೇಹೋಯಿತು. ಒಳಗೆ ಹೋದವರು ಹನ್ನೊಂದು ಮಂದಿ. ಈ ಹನ್ನೆರಡನೆಯದು ಯಾವ ಪೀಡೆ? ಸತ್ತವರೇ ನಮ್ಮನ್ನು ಕರೆಯುತ್ತಿದ್ದಾರೆಂದು ಹೆದರಿ ಕೆಲವರು ಗುಡ್ಡ ಇಳಿಯತೊಡಗಿದರು. ಅಮರವ್ವ ಮಾತ್ರ ನಕ್ಕುಬಿಟ್ಟಳಂತೆ.

“ಓಡ್ತೀರ್ಯಾಕ್ರೋ, ಖೋಡಿಗಳಿರಾ! ನನ್ನ ಮಗಳು ಹಡೆದಾಳ! ಹುಟ್ಟಿದ ಕೂಸು ಕೆರ ಮೆಟ್ಟಿಕೊಂಡು ಬರತೈತೇನು? ಅಗೀರಿ!”

ಅವಳ ಮಾತು ಮುಗಿಯುವುದರೊಳಗೆ ತೂತಿನಿಂದ ಬೆಕ್ಕಿನ ಮರಿಯಂಥ ಸಣ್ಣ ಅಳು ಕೇಳಿಸಿತು. ಇಳಿದವರೆಲ್ಲ ಏದುಸಿರು ಬಿಡುತ್ತ ಮೇಲೇರಿ ತೂತು ಅಗಲಿಸತೊಡಗಿದರು. ಹೊತ್ತು ಮುಳುಗುವ ಮೊದಲೇ, ಆದೆಪ್ಪನ ರುಮಾಲಿನಲ್ಲಿ ಸುತ್ತಿದ ಹೆಣ್ಣು ಕೂಸು ಬುಟ್ಟಿಯಲ್ಲಿ ಮೇಲೆ ಬಂತು. ಹಿಂದೆಯೇ ಬಾಣಂತಿ, ಅನಂತರ ಒಬ್ಬೊಬ್ಬರಾಗಿ ಹತ್ತು ಮಂದಿ ಗಂಡಸರು. ಇದ್ದ ಅಂಬಲಿಯನ್ನೆಲ್ಲ ಹುಲಿಗೆವ್ವನಿಗೇ ಬಿಟ್ಟು, ಉಳಿದವರು ಕಲ್ಲಿನ ಜಿನುಗು ನೆಕ್ಕಿ ಜೀವ ಹಿಡಿದಿದ್ದರಂತೆ. ಮೊಮ್ಮಗಳನ್ನು ಮಡಿಲಿಗೆ ಹಾಕಿಕೊಂಡ ಮೇಲೆಯೇ ಅಮರವ್ವ ಬಾಯಿಬಿಟ್ಟು ಅತ್ತಳು. ಗಣಿಯ ಬಾಯಿ ಮತ್ತೆ ತೆರೆಯಿರೆಂದು ದೇಸಾಯಿ ಹೇಳಿಕಳಿಸಿದಾಗ ಯಾರೂ ಹಾರೆ ಮುಟ್ಟಲಿಲ್ಲ. ಭೂತಾಯಿ ನುಂಗಿದ್ದನ್ನೂ ತಿರುಗಿ ಕೊಟ್ಟಿದ್ದಾಳೆ, ಇನ್ನು ಅವಳನ್ನು ಕೆದಕಬಾರದು ಎಂದರಂತೆ.

ಗುಡ್ಡದ ನೆತ್ತಿಯಲ್ಲಿ ಆ ತೂತು ಈಗಲೂ ಇದೆ, ಒಬ್ಬರ ಮೈ ತೂರುವಷ್ಟು. ಬಿಸಿಲಲ್ಲಿ ಬಸವಳಿದು ಹತ್ತಿದವರು ಅದರ ಅಂಚಿನಲ್ಲಿ ಬಾಗಿದರೆ ಮುಖಕ್ಕೆ ತಣ್ಣನೆಯ ಗಾಳಿ ತಾಗುತ್ತದೆ. ಕೆಳಗೆ, ಬೆಳಕು ಬಿದ್ದಷ್ಟು ಜಾಗದಲ್ಲಿ, ಜರಿಗಿಡದ ಹಸಿರು ಕಾಣುತ್ತದೆ.