ಹಲ್ಲಿನ ಗುರುತಿದ್ದ ಮರಿಗೆ

ಕಂಬದಕೆರೆ ಸಂಸ್ಥಾನಕ್ಕೆ ಒಬ್ಬ ದೊರೆಯೂ ಇದ್ದ, ಊರ ತುಂಬ ನೆಟ್‌ವರ್ಕೂ ಇತ್ತು. ಇವೆರಡೂ ಒಂದೇ ಕಡೆ ಸೇರಿದರೆ ಏನಾಗಬೇಕೋ ಅದೇ ಆಯಿತು. ಚಿತ್ರಶೇಖರ ಮಹಾರಾಜನಿಗೆ ಆನ್‌ಲೈನ್ ಹರಾಜಿನ ಹುಚ್ಚು ಹಿಡಿಯಿತು.

ಬೆಳಗೆದ್ದು ಹಲ್ಲುಜ್ಜುವ ಮೊದಲೇ ಕೈಗೆ ಫೋನು. ಬೆಳ್ಳಿ ಸಿಂಹಾಸನ ಅಂತ ಕೂಗಿ ಕೊಂಡದ್ದು, ಬಂದ ಮೇಲೆ ನೋಡಿದರೆ ಅಂಗೈ ಮೇಲೆ ಕೂತಿತು. ಅಳತೆಯನ್ನು ಚಿಕ್ಕ ಅಕ್ಷರದಲ್ಲಿ ಬರೆದಿದ್ದರು. ದೊರೆಗೆ ಚಿಕ್ಕ ಅಕ್ಷರ ಓದುವ ಅಭ್ಯಾಸವಿಲ್ಲ. ಆದರೂ ಬುದ್ಧಿ ಬರಬೇಕಲ್ಲ? "ಹರಾಜಿನಲ್ಲಿ ನನ್ನ ಮೇಲೆ ಕೂಗಿ ಗೆದ್ದವನು ಇನ್ನೂ ಹುಟ್ಟಿಲ್ಲ," ಅಂತ ತುಂಬಿದ ಸಭೆಯಲ್ಲಿ ಮೀಸೆ ತಿರುವುವುದು ಬೇರೆ.

ಅದೇ ಸಭೆಯಲ್ಲಿ ಆಸ್ಥಾನದ ವಿದೂಷಕ ಬೊಮ್ಮರಸ ಎದ್ದು ನಿಂತ. ಅವನ ಮನೆ ಇದ್ದದ್ದು ಕೆರೆ ಏರಿಯ ಕೆಳಗಿನ ಕೇರಿಯಲ್ಲಿ. ಕೆರೆಯ ತೂಬು ಬಿರುಕು ಬಿಟ್ಟಿತ್ತು, ಮಳೆಗಾಲಕ್ಕೆ ಹತ್ತೇ ದಿನ ಉಳಿದಿತ್ತು. ಅಷ್ಟರಲ್ಲಿ ಸರಿ ಮಾಡದಿದ್ದರೆ ಕೇರಿಯ ಅರವತ್ತು ಮನೆ ನೀರುಪಾಲು, ಅವನ ಮುದಿ ತಾಯಿ ಮಲಗುವ ಮನೆಯೂ ಸೇರಿ. ಮೂರು ಸಾವಿರ ವರಹ ಬೇಕು ಅಂತ ಕೈಮುಗಿದ.

ದೊರೆ ಫೋನಿನಿಂದ ತಲೆ ಎತ್ತಲಿಲ್ಲ. ಬೊಕ್ಕಸ ಖಾಲಿ ಅಂದ. ತನ್ನ ಸ್ವಂತ ಪೆಟ್ಟಿಗೆಯ ಹಣ ಹರಾಜಿಗೆ ಬೇಕು, ರಾಣಿಯ ಪೆಟ್ಟಿಗೆ ರಾಣಿಯದು, ಹೊಸ ತೆರಿಗೆ ಹಾಕಕೂಡದು, ಸಾಲ ಎತ್ತಕೂಡದು ಅಂದ. "ನೀನು ಭಾರಿ ಜಾಣ ಅಲ್ಲವೇನಯ್ಯಾ? ಎಂಟು ದಿನದಲ್ಲಿ ತೂಬು ಕಟ್ಟಿಸು. ಆಗಲಿಲ್ಲವೋ, ಗಂಟುಮೂಟೆ ಕಟ್ಟು."

ಬೊಮ್ಮರಸ ತನ್ನ ಜಾಗಕ್ಕೆ ಮರಳುತ್ತಿದ್ದಾಗ ದೊರೆಯ ಮಡಿಲಲ್ಲಿ ಫೋನು ಟಿಂಗ್ ಅಂತು. ಮರುಗಳಿಗೆಯೇ ರಾಣಿ ಪದ್ಮಲದೇವಿ ಕೂರುವ ಪರದೆಯ ಹಿಂದೆ ಇನ್ನೊಂದು ಟಿಂಗ್. ಈ ಕಡೆ ದೊರೆಯ ಹುಬ್ಬು ಗಂಟಾಯಿತು, ಆ ಕಡೆ ಬಳೆ ಸದ್ದಾಯಿತು.

ಸಭೆ ಮುಗಿದ ಮೇಲೆ ಬೊಮ್ಮರಸ ಆಳುಕಾಳುಗಳನ್ನು ಮಾತಿಗೆಳೆದ. ದೊರೆ ಹರಾಜಿನಲ್ಲಿ 'ಗಂಡುಗಲಿ' ಅನ್ನುವ ಹೆಸರಲ್ಲಿ ಕೂಗುತ್ತಾನಂತೆ, ರಾಣಿ 'ನಿತ್ಯಮಲ್ಲಿಗೆ' ಅನ್ನುವ ಹೆಸರಲ್ಲಿ ಅವನ ಮೇಲೆಯೇ ಕೂಗುತ್ತಾಳಂತೆ. ಗಂಡನ ಗುಟ್ಟು ಹೆಂಡತಿಗೆ ಗೊತ್ತಿಲ್ಲ, ಹೆಂಡತಿಯದು ಗಂಡನಿಗೆ ಗೊತ್ತಿಲ್ಲ, ಇಬ್ಬರ ಫೋನಿಗೂ ಚಾರ್ಜ್ ಹಾಕುವ ಆಳುಗಳಿಗೆ ಎರಡೂ ಗೊತ್ತು.

ಅವನು ಸೀದಾ ಕುದುರೆ ಲಾಯಕ್ಕೆ ನಡೆದ. ಕುದುರೆಗಳಿಗೆ ಹುರುಳಿ ಹಾಕುತ್ತಿದ್ದ ಹಳೇ ಮರದ ಮರಿಗೆಯೊಂದು ಮೂಲೆಯಲ್ಲಿ ಬಿದ್ದಿತ್ತು. ಬಚ್ಚಲ ಒಲೆಗೆ ಹಾಕಿ ಅಂತ ದೊರೆಯೇ ಅಪ್ಪಣೆ ಮಾಡಿದ್ದ ಸಾಮಾನು. ಲಾಯದ ಮುದುಕನಿಂದ ಅದನ್ನು ಕೇಳಿ ತಂದು, ತೊಳೆದು, ಎಣ್ಣೆ ಒರೆಸಿ, ರೇಷ್ಮೆ ಬಟ್ಟೆ ಮೇಲಿಟ್ಟು ಫೋಟೊ ತೆಗೆದ. ಅಳತೆಯನ್ನು ದೊಡ್ಡ ಅಕ್ಷರದಲ್ಲೇ ಹಾಕಿ ಕೆಳಗೆ ಹೀಗೆ ಬರೆದ: "ಅರಮನೆಯಲ್ಲಿ ಮೂರು ತಲೆಮಾರು ಊಟಕ್ಕೆ ಬಳಸಿದ ಪಾತ್ರೆ. ಇದರಲ್ಲಿ ಉಂಡವರೆಲ್ಲ ರಣರಂಗ ಕಂಡವರು. ಅಂಚಿನಲ್ಲಿ ಅವರ ಹಲ್ಲಿನ ಗುರುತುಗಳು ಈಗಲೂ ಇವೆ. ಆರಂಭದ ಬೆಲೆ ಒಂದು ವರಹ."

ಮೂರನೇ ದಿನ ಮಧ್ಯಾಹ್ನಕ್ಕೆ ಹರಾಜಿನ ಗಡುವು. ನೂರು ವರಹ ದಾಟುತ್ತಲೇ ಉಳಿದವರೆಲ್ಲ ಜಾರಿಕೊಂಡರು. ಸಭೆಯಲ್ಲಿ ಬೇಲಿ ಹಾರಿ ಮೇದ ಹಸುವಿನ ವ್ಯಾಜ್ಯ ನಡೆದಿತ್ತು. ಮಡಿಲಲ್ಲಿ ಟಿಂಗ್, ಪರದೆಯ ಹಿಂದೆ ಟಿಂಗ್. ದೊರೆ ಬಾಯಿತಪ್ಪಿ "ಇನ್ನೂ ಇನ್ನೂರು" ಅಂದ. ಸೇನಬೋವ ಅದನ್ನು ಹಸುವಿಗೆ ದಂಡ ಅಂತ ಬರೆದುಕೊಂಡ. ಬೊಮ್ಮರಸ ಕಂಬಕ್ಕೆ ಒರಗಿ ಟಿಂಗ್ ಎಣಿಸುತ್ತಿದ್ದ. ಕೊನೆಗೆ ಮೂರು ಸಾವಿರದ ಇನ್ನೂರಕ್ಕೆ ದೊರೆ ಗೆದ್ದೆ ಅಂತ ಎದ್ದು ಕುಣಿದ. ಪರದೆಯ ಹಿಂದೆ ಯಾವುದೋ ಹಿತ್ತಾಳೆ ತಟ್ಟೆ ನೆಲಕ್ಕೆ ಬಿತ್ತು.

ಹಣ ಕೈಸೇರಿದ ಗಳಿಗೆಯೇ ಕಲ್ಲುಕುಟಿಗರು ಕೆಲಸಕ್ಕಿಳಿದರು. ಏಳನೇ ದಿನ ಸಂಜೆಗೆ ತೂಬು ಗಟ್ಟಿಯಾಗಿ ಎದ್ದು ನಿಂತಿತು. ಬೊಮ್ಮರಸನ ತಾಯಿ ಕೋಲೂರಿಕೊಂಡು ಹೋಗಿ ಅದಕ್ಕೆ ಅರಿಶಿನ ಕುಂಕುಮ ಇಟ್ಟು ಬಂದಳು.

ಎಂಟನೇ ದಿನ ಪಾರ್ಸಲ್ ಬಂತು. ಲಾಯದಿಂದ ಸಭೆಗೆ ನೂರು ಹೆಜ್ಜೆ. ಪಾರ್ಸಲ್ ಮೂರು ಊರು ಸುತ್ತಿಕೊಂಡು ಬಂದಿತ್ತು. ಬಿಚ್ಚಿದ್ದೇ ತಡ, ಅದನ್ನು ಹೊತ್ತು ತಂದಿದ್ದ ಲಾಯದ ಮುದುಕ ಇದು ನಮ್ಮ ಹುರುಳಿ ಮರಿಗೆಯಲ್ಲವೇ ಬುದ್ಧಿ ಅಂದುಬಿಟ್ಟ. ಮಾರಿದವನು ತಾನೇ ಅಂತ ಬೊಮ್ಮರಸ ಒಪ್ಪಿಕೊಂಡ. ದೊರೆ ಕೆಂಡಾಮಂಡಲವಾದ. ಸುಳ್ಳು ಬರೆದು ರಾಜನಿಗೇ ಟೋಪಿ ಹಾಕಿದೆಯಾ ಅಂತ ಕೂಗಾಡಿದ.

"ಯಾವ ಮಾತು ಸುಳ್ಳು ಪ್ರಭು?" ಅಂದ ಬೊಮ್ಮರಸ. "ಕುದುರೆಗಳು ರಣರಂಗ ಕಂಡಿವೆ. ಹಲ್ಲಿನ ಗುರುತು ಇಲ್ಲೇ ಇದೆ. ಕೆಳಗೆ 'ಮಾರುವವರನ್ನು ಕೇಳಿ' ಅಂತ ಒಂದು ಜಾಗವೂ ಇತ್ತು. ಕಾದು ಕೂತಿದ್ದೆ. ಉಂಡವರು ಯಾರು ಅಂತ ಒಬ್ಬರೂ ಕೇಳಲಿಲ್ಲ."

ದೊರೆಯ ಸಿಟ್ಟು ಬೇರೆ ಕಡೆ ತಿರುಗಿತು. ಒಂದು ವರಹದ ಮರಿಗೆಯನ್ನು ಇಷ್ಟಕ್ಕೆ ಏರಿಸಿದ ಆ ನಿತ್ಯಮಲ್ಲಿಗೆ ಯಾರು, ಹಿಡಿದು ತನ್ನಿ, ತಲೆ ಬೋಳಿಸಿ ಕತ್ತೆ ಮೇಲೆ ಮೆರೆಸುತ್ತೇನೆ ಅಂದ.

"ಆ ಶಿಕ್ಷೆಯನ್ನು ತಾವೇ ಅಂತಃಪುರಕ್ಕೆ ಹೋಗಿ ತಿಳಿಸಬೇಕು ಪ್ರಭು," ಅಂದ ಬೊಮ್ಮರಸ.

ಪರದೆ ಸರಿಯಿತು. "ಓಹೋ, ಆ ಮೊಂಡ ಗಂಡುಗಲಿ ನೀವೇನಾ?" ಅಂದಳು ರಾಣಿ.

ದೊರೆ ರಾಣಿಯ ಮುಖ ನೋಡಿದ, ಮರಿಗೆ ನೋಡಿದ, ನಗುವುದು ಬಿಟ್ಟು ಬೇರೆ ದಾರಿ ಕಾಣಲಿಲ್ಲ. ರಾಣಿಗೂ ನಗು ತಡೆಯಲಾಗಲಿಲ್ಲ. ನಾಳೆಯಿಂದ ರಾಜ್ಯದಲ್ಲಿ ಈ ಹರಾಜೇ ಬೇಡ ಅಂದ ದೊರೆ. ಬೊಮ್ಮರಸ ಅದಕ್ಕೆ ಒಪ್ಪಲಿಲ್ಲ. ತನ್ನ ಕೇರಿಯ ಚಾಪೆ ಹೆಣೆಯುವ ಸಾಕವ್ವನಿಗೆ ಸಂತೆಯ ದಲ್ಲಾಳಿ ನಾಲ್ಕು ಕಾಸು ಬಿಸಾಡುತ್ತಿದ್ದ, ಈಗ ಹರಾಜಿನಲ್ಲಿ ಯಾವುದೋ ದೇಶದವರು ನಲವತ್ತು ಕೊಡುತ್ತಾರೆ, ಅವಳ ಹೊಟ್ಟೆ ಮೇಲೆ ಹೊಡೆಯಬೇಡಿ ಅಂದ.

ದೊರೆ ಕೊರಳ ಮುತ್ತಿನ ಸರ ತೆಗೆದು ಅವನಿಗೆ ಹಾಕಿದ. ಈ ದರಿದ್ರ ಮರಿಗೆಯನ್ನು ಈಗ ಏನು ಮಾಡುವುದು ಅಂತ ಕೇಳಿದ.

"ಕಾಲುವೆ ರಿಪೇರಿ ಬಾಕಿ ಇದೆ ಪ್ರಭು, ಮತ್ತೆ ಹರಾಜಿಗೆ ಇಡೋಣ," ಅಂದ ಬೊಮ್ಮರಸ. "ಈ ಸಲ ಉಂಡವರು ಕುದುರೆಗಳು ಅಂತಲೇ ಬರೆಯುತ್ತೇನೆ. ಕೆಳಗೆ ಇನ್ನೊಂದು ಸಾಲು ಸೇರಿಸಿದರಾಯಿತು: ಇದನ್ನು ಸ್ವತಃ ಮಹಾರಾಜರು ಮೂರು ಸಾವಿರದ ಇನ್ನೂರು ವರಹ ಕೊಟ್ಟು ಕೊಂಡಿದ್ದರು. ಅದೂ ಸುಳ್ಳಲ್ಲ."