ಸುಣ್ಣಗಾರನ ಗೋಡೆ

"ಅಪ್ಪಾವರೇ, ಒಡೆದ ಮನಸ್ಸು ಮತ್ತೆ ಕೂಡಬೇಕಾದರೆ ಏನು ಮಾಡಬೇಕು?"

ಕೇಳಿದವನು ಚಂದ್ರಾಮ. ಕೇಳಿ ಕೂರಲಿಲ್ಲ. ಕಾಲು ಸುಟ್ಟ ಬೆಕ್ಕಿನಂತೆ ಮಠದ ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗಿದ. ಅವನಿಗೂ ತಮ್ಮ ಶಿವರಾಯನಿಗೂ ಮಾತು ಬಿಟ್ಟು ಎಂಟು ವರ್ಷ. ಬರುವ ತಿಂಗಳು ಶಿವರಾಯನ ಮಗಳ ಮದುವೆ. ದೊಡ್ಡಪ್ಪನಾಗಿ ತಾನು ಹಂದರದಲ್ಲಿ ನಿಂತು ಅಕ್ಷತೆ ಹಾಕಬೇಕೆಂಬ ಆಸೆ ಅವನ ಜೀವ ಹಿಂಡುತ್ತಿತ್ತು. ರಾಜಿಯಾಗಲೆಂದು ಈಚೆಗೆ ಮೂರು ಸಲ ತಮ್ಮನ ಮನೆಗೆ ಹೋಗಿದ್ದ, ಮೂರು ಸಲವೂ ಜಗಳವಾಡಿ ಬಂದಿದ್ದ. ಬಾವಿಯ ಪಾಲಿನಲ್ಲಿ ತಪ್ಪು ತನ್ನದಲ್ಲವೆಂದು ತೋರಿಸುವ ಹಳೆಯ ಪತ್ರಗಳ ಚೀಲ ಈಗಲೂ ಹೆಗಲಲ್ಲಿತ್ತು.

"ಮೊದಲು ಕೂತುಕೋ ಮಹಾರಾಯ, ನಿನ್ನನ್ನು ನೋಡಿ ನನಗೆ ತಲೆ ತಿರುಗುತ್ತಿದೆ," ಎಂದರು ಗುರುಗಳು. ಅವನು ಕೂತ ಮೇಲೆ ಕತೆ ತೆಗೆದರು.

ಒಬ್ಬ ಸುಣ್ಣಗಾರನಿದ್ದ. ಹಳ್ಳದ ದಂಡೆಯಲ್ಲಿ ಅವನ ಮನೆ. ಹೋದ ಮಳೆಗಾಲದಲ್ಲಿ ಹಳ್ಳ ಉಕ್ಕಿ ಹಿತ್ತಿಲನ್ನು ನುಂಗಿತ್ತು. ಈ ಸಲ ತಡೆಗೋಡೆ ಕಟ್ಟದಿದ್ದರೆ ಮನೆಯೇ ಹೋಗುತ್ತಿತ್ತು. ಸರಿ, ಸುಣ್ಣದ ಕಲ್ಲು ತಂದು ಭಟ್ಟಿಗೆ ತುಂಬಿದ. ಕಟ್ಟಿಗೆ ಉಳಿಸಲು ಹೋಗಿ ಸಣ್ಣ ಉರಿಯಲ್ಲಿ ಎಂಟು ದಿನ ಸುಟ್ಟ. ಕಲ್ಲು ಮೈ ಕಪ್ಪಾಗಿಸಿಕೊಂಡು ಕಲ್ಲಾಗಿಯೇ ಕೂತಿತ್ತು. ಅಂಥ ಕಾವಿನಲ್ಲಿ ವರ್ಷ ಸುಟ್ಟರೂ ಅದು ಜಪ್ಪಯ್ಯ ಅನ್ನುವುದಿಲ್ಲ. ರೇಗಿ, ಇದ್ದಬದ್ದ ಕಟ್ಟಿಗೆಯನ್ನೆಲ್ಲ ಒಟ್ಟಿಗೇ ಒಟ್ಟಿದ. ಉರಿ ಧಗಧಗ ಏರಿತು. ಕಾವು ಒಂದು ಹದ ದಾಟಿದ್ದೇ ತಡ, ಕಲ್ಲು ತನ್ನೊಳಗೆ ಹಿಡಿದಿಟ್ಟುಕೊಂಡ ಗಾಳಿಯನ್ನು ತಾನಾಗಿಯೇ ಬಿಡತೊಡಗಿತು. ಉಳಿದದ್ದು ಹಗುರವಾದ ಬಿಳಿ ಸುಣ್ಣ.

"ಅಬ್ಬಾ, ಬೆಂಕಿಯೇ ಬೆಂಕಿ!" ಎಂದ ಸುಣ್ಣಗಾರ. ಅಂದಿನಿಂದ ಅವನಿಗೆ ಬೆಂಕಿಯ ಹುಚ್ಚು ಹಿಡಿಯಿತು.

ಹೆಂಡತಿ ಸುಣ್ಣಕ್ಕೆ ನೀರು ಹಾಕಿ, ಮರಳು ಬೆರೆಸಿ ಗಾರೆ ಅರೆದಳು. ಇಬ್ಬರೂ ಸೇರಿ ಗೋಡೆ ಕಟ್ಟಿದರು. ಅವಳು ಗೋಡೆಗೆ ಒದ್ದೆ ಗೋಣಿ ಹೊದಿಸಿದಳು. ಸುಣ್ಣಗಾರನಿಗೆ ಎಲ್ಲಿಯ ಸಮಾಧಾನ? ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಗಳಿಗೆಗೊಮ್ಮೆ ಗೋಣಿ ಸರಿಸಿ ಗಾರೆಗೆ ಉಗುರು ಒತ್ತಿ ನೋಡಿದ. ಮೆತ್ತಗೇ ಇತ್ತು. ಮಾರನೆಯ ದಿನ ಹೆಂಡತಿ ಮರಳಿಗೆ ಹೋದದ್ದೇ ಸಮಯವೆಂದು ಗೋಣಿಯನ್ನೆಲ್ಲ ಕಿತ್ತೆಸೆದು, ಗೋಡೆಯುದ್ದಕ್ಕೂ ಹೊಸ ಕಟ್ಟಿಗೆ ತಂದು ಒಟ್ಟಿ ಬೆಂಕಿ ಹಾಕಿದ. ಕಲ್ಲನ್ನೇ ಮಣಿಸಿದ ಬೆಂಕಿಗೆ ಗಾರೆ ಯಾವ ಲೆಕ್ಕ!

ಮಧ್ಯಾಹ್ನಕ್ಕೆ ಗಾರೆ ಒಣಗಿ ಬೆಳ್ಳಗಾಯಿತು. ಹಿಗ್ಗಿ ಹೀರೇಕಾಯಿಯಾಗಿ ಗೋಡೆಯನ್ನು ತಟ್ಟಿದ. ಸಂದಿನಿಂದ ಗಾರೆ ಹಿಟ್ಟಿನಂತೆ ಉದುರಿತು. ಒಂದು ಕಲ್ಲು ಜಾರಿತು, ಅದರ ಹಿಂದೆ ಇನ್ನೊಂದು.

ಚಂದ್ರಾಮ ತಡೆಯಲಾರದೆ, "ಮನೆ ಉಳಿಯಿತೇ ಅಪ್ಪಾವರೇ?" ಎಂದ.

"ತಡೆಯೋ, ಅವನ ಹೆಂಡತಿ ಬರಲಿ."

ಅವಳು ಬಂದಳು. ನೋಡಿದಳು. ಬುಟ್ಟಿ ಕೆಳಗಿಟ್ಟು, "ರೀ, ಕಲ್ಲಿನಿಂದ ಗಾಳಿಯನ್ನು ಬಿಡಿಸುವಾಗ ಬೆಂಕಿ ಬೇಕಿತ್ತು. ಈಗ ಸುಣ್ಣ ಆ ಗಾಳಿಯನ್ನೇ ಎಳೆದುಕೊಂಡು ತಿರುಗಿ ಕಲ್ಲಾಗಬೇಕು. ಅದಕ್ಕೆ ತಂಪು ಬೇಕು. ನೀರು ಚಿಮುಕಿಸಿ, ನೆರಳು ಮಾಡಿ, ಆಮೇಲೆ ದಮ್ಮಯ್ಯ, ಸುಮ್ಮನಿರಿ," ಎಂದಳು.

ಸತ್ತ ಗಾರೆಯನ್ನು ಕೆರೆದು, ಉಳಿದ ಸುಣ್ಣದಿಂದ ಹೊಸ ಗಾರೆ ಅರೆದು ಮತ್ತೆ ಕಟ್ಟಿದರು. ಭಟ್ಟಿಯ ಮುಂದೆ ಬೆವರು ಸುರಿಸಿದವನಿಗೆ ಈ ಸುಮ್ಮನಿರುವ ಕೆಲಸವೇ ಪ್ರಾಣಕ್ಕೆ ಬಂತು. ಗುಡುಗಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದ, ಗೋಣಿಗೆ ನೀರು ಚಿಮುಕಿಸಿ ಮತ್ತೆ ಕೂರುತ್ತಿದ್ದ. ಇಪ್ಪತ್ತೊಂದನೆಯ ದಿನ ಮಳೆ ಬಂತು. ಹಳ್ಳ ಗೋಡೆಯನ್ನು ಉಜ್ಜಿಕೊಂಡು ಹರಿಯಿತು. ಮನೆ ಉಳಿಯಿತು.

ಗುರುಗಳು ಕತೆ ಮುಗಿಸಿದರು. ಚಂದ್ರಾಮ ದಡಬಡಿಸಿ ಎದ್ದ. "ತಿಳಿಯಿತು ಅಪ್ಪಾವರೇ. ಈಗಲೇ ತಮ್ಮನ ಮನೆಗೆ ಹೋಗುತ್ತೇನೆ. ಈ ಸಲ ತಣ್ಣಗೆ ಮಾತಾಡುತ್ತೇನೆ," ಎಂದು ಅಡ್ಡಬಿದ್ದು, ಪತ್ರಗಳ ಚೀಲವನ್ನು ಮತ್ತೆ ಹೆಗಲಿಗೇರಿಸಿ ಬಾಗಿಲು ದಾಟಿದ.

ಗುರುಗಳು ಹಿಂದಿನಿಂದ ಕೂಗಿದರು: "ಚಂದ್ರಾಮಾ, ಆ ಕಟ್ಟಿಗೆಯನ್ನು ಇಲ್ಲೇ ಇಳಿಸಿ ಹೋಗೋ!"